ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ವಿಮಾನದ ದೂರವನ್ನು ನೀವೇ ಲೆಕ್ಕ ಹಾಕುವ ಬಗೆ

ಬಳ್ಳಾರಿಯಲ್ಲಿ ನನ್ನದೊಂದು ಚಿಕ್ಕ ಟಿಕೆಟ್ ಬುಕಿಂಗ್ ಅಂಗಡಿ. ಬಸ್ಸು, ರೈಲು ಟಿಕೆಟ್ಟೇ ಜಾಸ್ತಿ. ಆದರೂ ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯಿಂದ ಅಮೆರಿಕದ ಟಿಕೆಟ್ ಕೇಳಿಕೊಂಡು ಬರುವವರು ಈಗ ಅಪರೂಪವೇನಲ್ಲ. ಮಗ ಅಲ್ಲಿ, ಸೊಸೆ ಅಲ್ಲಿ, ಬಾಣಂತನಕ್ಕೆ ಹೋಗಬೇಕು. ಮೂರು ವರ್ಷದ ಹಿಂದೆ ಸಿರುಗುಪ್ಪದ ಅಮ್ಮ ಒಬ್ಬರು ಬಂದಿದ್ದರು. ರೇಟು ಕೇಳುವ ಮೊದಲೇ ಕೇಳಿದ್ದು, "ತಮ್ಮಾ, ಎಷ್ಟು ದೂರ ಐತಪ್ಪಾ ಅದು?"

ನಾನು ಫೋನ್ ನೋಡಿ "ಬೆಂಗಳೂರಿಂದ 13,990 ಕಿಲೋಮೀಟರ್ ಅಮ್ಮಾ" ಅಂದೆ. ಜೊತೆಗೆ ಬಂದಿದ್ದ ಅವರ ತಮ್ಮ ತನ್ನ ಫೋನ್ ಮುಂದೆ ಹಿಡಿದರು. ಅದರಲ್ಲಿ 8,693 ಅಂತ ಇತ್ತು. ಇನ್ನೊಂದು ಕಡೆ ನೋಡಿದರೆ 7,554. ದುಬೈ ಮೇಲೆ ಹೋದರೆ 15,700. "ಇದರಾಗ ಖರೇ ಯಾವ್ದು?" ಅಂದರು.

ಎಲ್ಲವೂ ಖರೇನೇ. ಮೊದಲನೆಯದು ಕಿಲೋಮೀಟರ್. ಎರಡನೆಯದು ಸಾದಾ ಮೈಲಿ, ಅಂದರೆ 1.609 ಕಿ.ಮೀ. ಮೂರನೆಯದು ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿ, 1.852 ಕಿ.ಮೀ. ಕೊನೆಯದು ಬೇರೆ ದಾರಿ. ಅವತ್ತು ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ಗಣಿತ ನೆನಪಿದ್ದರೆ ಸಾಕು. ಅದೂ ಇಲ್ಲದಿದ್ದರೆ ಒಂದು ದಾರ ಸಾಕು.

ಮೊದಲ ಹೆಜ್ಜೆ: ಊರಿನ ಹೆಸರು ಬಿಡಿ, ಕೋಡ್ ಹಿಡಿಯಿರಿ

ಪ್ರತಿ ವಿಮಾನ ನಿಲ್ದಾಣಕ್ಕೂ ಮೂರಕ್ಷರದ ಕೋಡ್ ಇರುತ್ತದೆ. ಬೆಂಗಳೂರು ಬಿಎಲ್‌ಆರ್, ಹೈದರಾಬಾದ್ ಎಚ್‌ವೈಡಿ, ಸ್ಯಾನ್ ಫ್ರಾನ್ಸಿಸ್ಕೊ ಎಸ್‌ಎಫ್‌ಒ. ನಾವು ಜಿಂದಾಲ್ ಏರ್‌ಪೋರ್ಟ್ ಅನ್ನುವ ತೋರಣಗಲ್ಲಿನ ವಿದ್ಯಾನಗರದ ನಿಲ್ದಾಣ ವಿಡಿವೈ. ಇಲ್ಲೊಂದು ಎಡವಟ್ಟಿದೆ. ದೂರ ತೋರಿಸುವ ಆ್ಯಪ್‌ನಲ್ಲಿ ಸುಮ್ನೆ "ಬಳ್ಳಾರಿ" ಅಂತ ಹಾಕಿದರೆ ಕೆಲವು ಬಿಇಪಿ ಎಂಬ ಹಳೇ ನಿಲ್ದಾಣವನ್ನು ಹಿಡಿಯುತ್ತವೆ. ಅದಕ್ಕೂ ತೋರಣಗಲ್ಲಿಗೂ 25 ಕಿ.ಮೀ.ಗೂ ಮೇಲೆ ಅಂತರ.

ಇದು ಸಣ್ಣ ತಪ್ಪು. ದೊಡ್ಡವೂ ಇವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಎಸ್‌ಜೆಸಿ, ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಸ್ಯಾನ್ ಹೋಸೆ ಎಸ್‌ಜೆಒ. ಹೆಸರು ಒಂದೇ, ದೇಶ ಬೇರೆ. ಸಿಡ್ನಿ ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದಲ್ಲೂ ಇದೆ. ರಾಯಚೂರಿನವರಿಗೆ ಹತ್ತಿರದ ಹೈದರಾಬಾದ್ ಎಚ್‌ವೈಡಿ ಆದರೆ, ಪಾಕಿಸ್ತಾನದ ಸಿಂಧ್‌ನಲ್ಲಿರುವ ಹೈದರಾಬಾದ್ ಎಚ್‌ಡಿಡಿ. ಮಗನಿಗೆ ಫೋನ್ ಮಾಡಿ "ಊರು ಯಾವುದು" ಅಂತ ಕೇಳುವ ಬದಲು "ಏರ್‌ಪೋರ್ಟ್ ಕೋಡ್ ಯಾವುದು" ಅಂತ ಕೇಳಿ.

ಎರಡನೇ ಹೆಜ್ಜೆ: ಅಕ್ಷಾಂಶ, ರೇಖಾಂಶ

ಗೂಗಲ್ ಮ್ಯಾಪ್‌ನಲ್ಲಿ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ನಮಗೆ ಬೇಕಾದವು ಇಷ್ಟು:

ತೋರಣಗಲ್ಲು: 15.18, 76.63
ಬೆಂಗಳೂರು: 13.20, 77.71
ಸ್ಯಾನ್ ಫ್ರಾನ್ಸಿಸ್ಕೊ: 37.6, −122.4

ಭೂಮಧ್ಯ ರೇಖೆಯ ಕೆಳಗಿನ ಅಕ್ಷಾಂಶಕ್ಕೆ ಮೈನಸ್. ಲಂಡನ್ನಿನ ಗ್ರೀನಿಚ್‌ನಿಂದ ಪಶ್ಚಿಮದ ರೇಖಾಂಶಕ್ಕೂ ಮೈನಸ್. ಅದಕ್ಕೇ ಅಮೆರಿಕದ ಊರುಗಳಿಗೆಲ್ಲ ಮೈನಸ್ ಬರುತ್ತದೆ. ಕೆಲವು ಕಡೆ 13 ಡಿಗ್ರಿ 12 ನಿಮಿಷ ಅಂತ ಬರೆದಿರುತ್ತಾರೆ. ಅದನ್ನು 13.12 ಅಂತ ಬರೆದುಕೊಂಡು ಕೆಟ್ಟವರು ಬಹಳ ಜನ. ಒಂದು ಡಿಗ್ರಿಗೆ 60 ನಿಮಿಷ. 12ನ್ನು 60ರಿಂದ ಭಾಗಿಸಿದರೆ 0.2. ಹಾಗಾಗಿ ಅದು 13.20.

ಮೂರನೇ ಹೆಜ್ಜೆ: ಹತ್ತಿರದ ದೂರದಲ್ಲಿ ಕೈ ಪಳಗಿಸಿ

ಭೂಮಿಯ ಮೇಲೆ ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಮಾತ್ರ ಭೂಮಧ್ಯ ರೇಖೆಯಲ್ಲಿ ಅಗಲ, ಧ್ರುವದ ಕಡೆ ಹೋದಂತೆ ಕಿರಿದು. ಕಿತ್ತಳೆ ಹಣ್ಣಿನ ತೊಳೆ ನೋಡಿ, ನಡುವೆ ದಪ್ಪ, ತುದಿಯಲ್ಲಿ ಚೂಪು. ನಮ್ಮ ಸೀಮೆಯಲ್ಲಿ ಅದು ಸುಮಾರು 108 ಕಿ.ಮೀ.

ತೋರಣಗಲ್ಲಿನಿಂದ ಬೆಂಗಳೂರು ನಿಲ್ದಾಣಕ್ಕೆ ಲೆಕ್ಕ ಹಾಕೋಣ. ಅಕ್ಷಾಂಶದ ವ್ಯತ್ಯಾಸ 1.98. ಅದನ್ನು 111ರಿಂದ ಗುಣಿಸಿದರೆ 220 ಕಿ.ಮೀ. ರೇಖಾಂಶದ ವ್ಯತ್ಯಾಸ 1.08. ಅದನ್ನು 108ರಿಂದ ಗುಣಿಸಿದರೆ 117 ಕಿ.ಮೀ. ಈಗ ಪೈಥಾಗೊರಸ್. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 249 ಕಿ.ಮೀ. ಬಳ್ಳಾರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ 300 ಕಿ.ಮೀ. ದಾಟುತ್ತದೆ, ಅಲ್ವಾ? ಹಕ್ಕಿ ಹಾರುವ ದಾರಿಗೂ ಬಸ್ಸಿನ ದಾರಿಗೂ ಇರುವ ಅಂತರ ಅದು.

ಈ ಲೆಕ್ಕ ಐನೂರು ಕಿ.ಮೀ.ವರೆಗೆ ಚೆನ್ನಾಗಿ ನಡೆಯುತ್ತದೆ. ಸಮುದ್ರ ದಾಟುವ ದೂರಕ್ಕೆ ಮಾತ್ರ ಹಚ್ಚಬೇಡಿ. ಅಲ್ಲಿ ಭೂಮಿ ದುಂಡಗಿದೆ ಅನ್ನುವುದು ಅಡ್ಡ ಬರುತ್ತದೆ.

ನಾಲ್ಕನೇ ಹೆಜ್ಜೆ: ಗೋಳ ಮತ್ತು ಹೂವು ಕಟ್ಟುವ ದಾರ

ನನಗೆ ಬಹಳ ಇಷ್ಟವಾದ ಹೆಜ್ಜೆ ಇದು. ಮಗಳು ಶಾಲೆಗೆ ಅಂತ ತಂದಿದ್ದ ಗೋಳ ಈಗ ಅಂಗಡಿಯ ಮೇಜಿನ ಮೇಲಿದೆ. ಅಡ್ಡಳತೆ ಸುಮಾರು ಒಂದು ಗೇಣು. ಅವತ್ತು ಆ ಅಮ್ಮನ ಮುಂದೆ ಅದನ್ನೇ ಇಟ್ಟೆ. ಪಕ್ಕದ ಹೂವಿನಾಕೆಯ ಹತ್ತಿರ ಒಂದು ಗಜ ದಾರ ಇಸಿದುಕೊಂಡು ಬಂದೆ. ಹೂವು ಕಟ್ಟುವ ನೂಲು ಎಳೆದರೆ ಹಿಗ್ಗುವುದಿಲ್ಲ. ಉಣ್ಣೆ ದಾರ, ರಬ್ಬರ್ ಬೇಡವೇ ಬೇಡ.

ಮೊದಲು ಗೋಳದ ಹೊಟ್ಟೆಗೆ, ಅಂದರೆ ಭೂಮಧ್ಯ ರೇಖೆಯ ಮೇಲೆ ದಾರ ಸುತ್ತಿ ಅಳೆಯಿರಿ. ನನ್ನ ಗೋಳದ್ದು ಟೇಲರ್ ಟೇಪಿನಲ್ಲಿ 63 ಸೆಂ.ಮೀ. ಬಂತು. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಮೇಲೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ತನ್ನಿ. ಈಗ ಬಿಗಿಯಾಗಿ ಎಳೆಯಿರಿ. ನೀವು ದಾರವನ್ನು ಪೆಸಿಫಿಕ್ ಸಮುದ್ರದ ನಡುವೆ ಇಟ್ಟಿದ್ದರೂ ಅದು ಅಲ್ಲಿ ನಿಲ್ಲುವುದಿಲ್ಲ. ಮೇಲಕ್ಕೆ ಜಾರುತ್ತದೆ. ಚೀನಾ ದಾಟಿ, ಸೈಬೀರಿಯಾದ ತುದಿ ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಆ ಅಮ್ಮ ಬೆರಳಿಟ್ಟು ನೋಡಿ, "ಅಯ್ಯ, ಇದು ಮಂಜಿನ ಮ್ಯಾಲ ಹೊಂಟೈತಲ್ಲೋ" ಅಂದರು. ನಿಜ. ಈ ದಾರಿ 71 ಡಿಗ್ರಿ ಉತ್ತರದವರೆಗೂ ಏರುತ್ತದೆ. ಆರ್ಕ್ಟಿಕ್ ವೃತ್ತ ಇರುವುದೇ 66.5ರಲ್ಲಿ.

ದಾರದ ಉದ್ದ 22 ಸೆಂ.ಮೀ. ಬಂತು. 22ನ್ನು 63ರಿಂದ ಭಾಗಿಸಿ 40,000ದಿಂದ ಗುಣಿಸಿ. 13,968 ಕಿ.ಮೀ.! ಕಂಪ್ಯೂಟರ್ ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಬಳ್ಳಾರಿ–ತೋರಣಗಲ್ಲಿನಷ್ಟೂ ಇಲ್ಲ. ಇಷ್ಟು ಚೆನ್ನಾಗಿ ಬಂದದ್ದು ನನ್ನ ಅದೃಷ್ಟ ಅನ್ನಿ. ಅರ್ಧ ಸೆಂ.ಮೀ. ಆಚೀಚೆ ಆದರೂ 300 ಕಿ.ಮೀ. ಹೋಯಿತು.

ಬಿಗಿದ ದಾರ ಹಿಡಿಯುವ ದಾರಿಗೆ ಮಹಾವೃತ್ತ ಅನ್ನುತ್ತಾರೆ. ದುಂಡನೆಯ ಭೂಮಿಯ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ ಅದು. ಗೋಡೆಯ ಮೇಲಿನ ಚಪ್ಪಟೆ ನಕಾಶೆ ಈ ವಿಷಯದಲ್ಲಿ ಮೋಸ ಮಾಡುತ್ತದೆ. ಸಾಮಾನ್ಯವಾಗಿ ಸಿಗುವ ಮರ್ಕೇಟರ್ ನಕಾಶೆ 1569ರಲ್ಲಿ ಹಡಗಿನವರಿಗೆ ಅಂತ ಮಾಡಿದ್ದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೆ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಆ ನಕಾಶೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದು, ಅದೇ ಗೆರೆಯ ಮೇಲೆ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಎರಡು ಗಂಟೆಗೂ ಜಾಸ್ತಿ ಹಾರಾಟ ಸುಮ್ನೆ ದಂಡ.

ಒಂದು ಕಿವಿಮಾತು. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಎಳೆಯುವುದಾದರೆ ಗೋಳವನ್ನು ಸ್ಟ್ಯಾಂಡಿನಿಂದ ಬಿಚ್ಚಿಕೊಳ್ಳಿ. ಆ ದಾರಿ ಉತ್ತರ ಧ್ರುವದಿಂದ ಬರೀ 200 ಕಿ.ಮೀ. ಆಚೆ ಹಾದು ಹೋಗುತ್ತದೆ. ದಾರ ಹೋಗಿ ಮೇಲಿನ ಸ್ಕ್ರೂಗೆ ಸಿಕ್ಕಿಕೊಳ್ಳುತ್ತದೆ.

ಐದನೇ ಹೆಜ್ಜೆ: ಫೋನಿನ ಕ್ಯಾಲ್ಕುಲೇಟರ್

ಪಕ್ಕಾ ಸಂಖ್ಯೆ ಬೇಕಾದವರಿಗೆ ಮಾತ್ರ. ಉಳಿದವರು ಹಾರಿಸಿ ಮುಂದಿನ ಹೆಜ್ಜೆಗೆ ಹೋಗಬಹುದು. ಹೆಚ್ಚಿನ ಫೋನುಗಳಲ್ಲಿ ಕ್ಯಾಲ್ಕುಲೇಟರ್ ತೆರೆದು ಅಡ್ಡ ತಿರುಗಿಸಿದರೆ ಸೈನ್, ಕಾಸ್ ಗುಂಡಿಗಳು ಬರುತ್ತವೆ. ಮೊದಲು ರೇಖಾಂಶಗಳ ವ್ಯತ್ಯಾಸ ತೆಗೆಯಿರಿ. 77.7ರಲ್ಲಿ ಮೈನಸ್ 122.4 ಕಳೆದರೆ ಅದು ಕೂಡಿದಂತೆಯೇ ಆಗುತ್ತದೆ: 200.1. ಆಮೇಲೆ ಹೀಗೆ:

ಸೈನ್ 13.2 × ಸೈನ್ 37.6 = 0.2284 × 0.6101 = 0.1393
ಕಾಸ್ 13.2 × ಕಾಸ್ 37.6 × ಕಾಸ್ 200.1 = 0.9736 × 0.7923 × (−0.9391) = −0.7244
ಎರಡನ್ನೂ ಕೂಡಿದರೆ −0.5851
ಅದರ ಕಾಸ್ ಇನ್ವರ್ಸ್ 125.81 ಡಿಗ್ರಿ
125.81 × 111.2 (ಮೂರನೇ ಹೆಜ್ಜೆಯ 111 ಕಿ.ಮೀ.ಯೇ, ಸ್ವಲ್ಪ ಪಕ್ಕಾ ಮಾಡಿದ್ದು) = 13,990 ಕಿ.ಮೀ.

ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿರಬೇಕು, ರೇಡಿಯನ್‌ನಲ್ಲಿ ಇರಬಾರದು. ನಾನು ಮೊದಲ ಸಲ ಇದನ್ನು ನೋಡದೆ ಲೆಕ್ಕ ಹಾಕಿದೆ. 129 ಕಿ.ಮೀ. ಅಂತ ಬಂತು. ಸ್ಯಾನ್ ಫ್ರಾನ್ಸಿಸ್ಕೊ ನಮಗೆ ರಾಯಚೂರಿಗಿಂತ ಹತ್ತಿರ! ತಪ್ಪು ಗೊತ್ತಾಗುವವರೆಗೆ ಅರ್ಧ ಗಂಟೆ ತಲೆ ಕೆರೆದುಕೊಂಡೆ.

ಉತ್ತರ 20,000 ಕಿ.ಮೀ. ದಾಟಿದರೂ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಭೂಮಿಯ ಸುತ್ತಳತೆಯ ಅರ್ಧ ಅಷ್ಟೇ, ಅದಕ್ಕಿಂತ ದೂರದ ಊರು ಇರುವುದಕ್ಕೇ ಸಾಧ್ಯವಿಲ್ಲ. ನಮ್ಮ ಬಳ್ಳಾರಿಯಿಂದ ನೆಲಕ್ಕೆ ನೇರ ಗುಂಡಿ ತೋಡಿದರೆ ಪೆರು ದೇಶದ ಆಚೆ, ಪೆಸಿಫಿಕ್ ಸಮುದ್ರದ ನೀರಿಗೆ ಬೀಳುತ್ತೀರಿ. ಆ ಕಡೆಯ ಈಸ್ಟರ್ ದ್ವೀಪದ ವಿಮಾನ ನಿಲ್ದಾಣ ತೋರಣಗಲ್ಲಿನಿಂದ ಸುಮಾರು 18,500 ಕಿ.ಮೀ.

ಇನ್ನೊಂದು ಮಾತು. ತೋರಣಗಲ್ಲು–ಬೆಂಗಳೂರಿನಂಥ ಸಣ್ಣ ದೂರಕ್ಕೆ ಈ ಸೂತ್ರ ಹಾಕುವಾಗ ನಾಲ್ಕು ಅಂಕಿಗೆ ಕತ್ತರಿಸಬೇಡಿ. ಕೊನೆಯ ಅಂಕಿ ಒಂದು ಆಚೀಚೆ ಆದರೆ ಉತ್ತರ 15 ಕಿ.ಮೀ.ಗೂ ಹೆಚ್ಚು ಅಲ್ಲಾಡುತ್ತದೆ. ಅದಕ್ಕೆ ಪೈಥಾಗೊರಸ್ಸೇ ಲೇಸು.

ಆರನೇ ಹೆಜ್ಜೆ: ವಿಮಾನ ನಿಜವಾಗಿ ಹೋಗುವ ದಾರಿ

ದಾರ ತೋರಿಸಿದ ದಾರಿಯಲ್ಲೇ ಪೈಲಟ್ ಹೋಗುತ್ತಾನೆ ಅಂದುಕೊಳ್ಳಬೇಡಿ. ಗಾಳಿ ನೋಡುತ್ತಾರೆ, ದೇಶಗಳ ಅನುಮತಿ ನೋಡುತ್ತಾರೆ. ಎರಡು ಎಂಜಿನ್ನಿನ ವಿಮಾನವಾದರೆ, ಒಂದು ಕೆಟ್ಟರೂ ನಿಗದಿತ ಸಮಯದೊಳಗೆ ಇಳಿಯಲು ಒಂದು ನಿಲ್ದಾಣ ಸಿಗುವ ಹಾಗೆ ದಾರಿ ಹಾಕುತ್ತಾರೆ. ಟಿಬೆಟ್‌ನ ಎತ್ತರದ ನೆಲದ ಮೇಲೆ ಹಾರುವುದನ್ನು ಆದಷ್ಟು ತಪ್ಪಿಸುತ್ತಾರೆ. ಅಲ್ಲಿ ಏನಾದರೂ ಆದರೆ ಕೆಳಗಿಳಿಯಲು ಜಾಗವೇ ಇಲ್ಲ.

2022ರಿಂದ ರಷ್ಯಾ ಯುರೋಪ್, ಅಮೆರಿಕದ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವವು ಅರಬ್ಬಿ ಸಮುದ್ರದ ಕಡೆ ಸುತ್ತು ಹಾಕಬೇಕಾಯಿತು. ಊರುಗಳ ನಡುವಿನ ದೂರ ಅಷ್ಟೇ ಇತ್ತು, ಪ್ರಯಾಣ ಮಾತ್ರ ಉದ್ದವಾಯಿತು.

ದಾರದ ದೂರಕ್ಕಿಂತ ಎಷ್ಟು ಹೆಚ್ಚು ಹಾರುತ್ತಾರೆ ಅನ್ನುವ ಸುಳಿವು ಬೇಕಾದರೆ ಇದು ಹಿಡಿದುಕೊಳ್ಳಿ. ಮಾಲಿನ್ಯದ ಲೆಕ್ಕ ಹಾಕುವಾಗ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊ, ಮಹಾವೃತ್ತದ ದೂರ 550 ಕಿ.ಮೀ.ಗಿಂತ ಕಡಿಮೆ ಇದ್ದರೆ 50 ಕಿ.ಮೀ., 5,500ರವರೆಗೆ 100, ಅದರ ಮೇಲೆ 125 ಕಿ.ಮೀ. ಸೇರಿಸುತ್ತದೆ. ದಾರಿ ಮುಚ್ಚಿದ ಕಾಲಕ್ಕೆ ಇದು ಏನೂ ಸಾಲದು.

ನಡುವೆ ವಿಮಾನ ಬದಲಿಸುವುದಾದರೆ ಪ್ರತಿ ತುಂಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿ. ಬೆಂಗಳೂರು–ದುಬೈ ಸುಮಾರು 2,700, ದುಬೈ–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,000. ಒಟ್ಟು 15,700. ಲಂಡನ್ ಮೇಲೆ ಹೋದರೆ 8,050 ಮತ್ತು 8,600, ಒಟ್ಟು 16,650. ಲಂಡನ್ ದಾರಿ ನೇರ ದಾರಿಗಿಂತ 2,600 ಕಿ.ಮೀ.ಗೂ ಮೇಲೆ ಉದ್ದ. ಆದರೂ ಆ ಅಮ್ಮನಂಥವರಿಗೆ ನಾನು ಒಮ್ಮೊಮ್ಮೆ ಅದನ್ನೇ ಹೇಳುತ್ತೇನೆ. ಪ್ರಯಾಣ ಎರಡು ಸಮ ತುಂಡಾಗುತ್ತದೆ, ನಡುವೆ ಕಾಲು ಚಾಚಿ ಕೂರಬಹುದು. ಮಂಡಿನೋವಿನವರಿಗೆ ಕಿಲೋಮೀಟರ್ ಲೆಕ್ಕ ಬೇರೆಯೇ. ಲಂಡನ್ನಿನಂಥ ಕಡೆ ಬರೀ ವಿಮಾನ ಬದಲಿಸಲೂ ವೀಸಾ ಬೇಕಾ ಅನ್ನುವುದನ್ನು ಮಾತ್ರ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಏಳನೇ ಹೆಜ್ಜೆ: ಕಿಲೋಮೀಟರಿನಿಂದ ಗಂಟೆಗೆ

ದೊಡ್ಡ ಜೆಟ್ ವಿಮಾನ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. 13,990ನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವುದು, ಇಳಿಯುವುದು, ರನ್‌ವೇಯಲ್ಲಿ ಸರದಿ ಕಾಯುವುದು ಅಂತ ಅರ್ಧದಿಂದ ಒಂದು ಗಂಟೆ ಸೇರಿಸಿ. ಹದಿನಾರು, ಹದಿನಾರೂವರೆ ಆಯಿತು.

ಬರುವಾಗ ಇದೇ ಲೆಕ್ಕ ಹಾಕಬೇಡಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ತುಂಗಭದ್ರೆಯಲ್ಲಿ ಹರಿವಿನ ಜೊತೆ ತೆಪ್ಪ ಬಿಡುವುದಕ್ಕೂ ಎದುರು ಹುಟ್ಟು ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಿಟ್ಟಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳಾ ಪೈಲಟ್‌ಗಳು. ಉತ್ತರ ಧ್ರುವದ ಕಡೆಯಿಂದ ಹಾರಿ ಬಂದರು. ಆ ದಾರಿಗೆ 17 ಗಂಟೆಗೂ ಮೇಲೆ ಹಿಡಿಯುತ್ತದೆ ಅಂತಲೇ ಹೇಳಿದ್ದರು. ಇಂಥ ನೇರ ವಿಮಾನ ಒಂದು ಕಾಲಕ್ಕೆ ಇರುತ್ತದೆ, ಇನ್ನೊಂದು ಕಾಲಕ್ಕೆ ನಿಲ್ಲುತ್ತದೆ. ಬುಕ್ ಮಾಡುವ ದಿನ ನೋಡಿಕೊಳ್ಳಬೇಕು.

ಟಿಕೆಟ್ ಮೇಲಿನ ಸಮಯ ಓದುವಾಗ ಇನ್ನೊಂದು ಗೊಂದಲ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಅಂತ ಇದೆ ಅಂದುಕೊಳ್ಳಿ. "ಮೂರೇ ತಾಸಾ?" ಅಂತ ಕೇಳಿದವರಿದ್ದಾರೆ. ಎರಡೂ ಸಮಯ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 5 ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಮಧ್ಯಾಹ್ನ 2ರಿಂದ ಎಣಿಸಿದರೆ ಹದಿನಾರೂವರೆ ಗಂಟೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಆಗ ಅಂತರ ಹನ್ನೆರಡೂವರೆ ಗಂಟೆ.

ದೂರದ ಲೆಕ್ಕ ದುಡ್ಡಿಗೂ ಬರುತ್ತದೆ. ಯುರೋಪಿನ ನಿಲ್ದಾಣದಿಂದ ಹೊರಟ ವಿಮಾನ ಕಂಪನಿಯ ತಪ್ಪಿನಿಂದ ತೀರಾ ತಡವಾದರೆ, ರದ್ದಾದರೆ ಅಲ್ಲಿನ ಕಾನೂನಿನಂತೆ ಪರಿಹಾರ ಕೇಳಬಹುದು. 1,500 ಕಿ.ಮೀ.ವರೆಗೆ 250 ಯೂರೊ, ಅದರ ಮೇಲೆ 3,500ರವರೆಗೆ 400, ಅದಕ್ಕಿಂತ ದೂರಕ್ಕೆ 600 ಯೂರೊ. ಅಳತೆ ಮಹಾವೃತ್ತದ್ದೇ. ಫ್ರಾಂಕ್‌ಫರ್ಟ್–ಬೆಂಗಳೂರಿನಂಥ ದಾರಿಗೆ ಕೊನೆಯದೇ ಅನ್ವಯ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಎಂಟನೇ ಹೆಜ್ಜೆ: ಮನೆಯಿಂದ ಎಣಿಸಿ

ಆ್ಯಪ್ ಹೇಳುವ ದೂರ ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ. ನಾವು ಹೊರಡುವುದು ಮನೆಯಿಂದ. ಬಳ್ಳಾರಿಯಿಂದ ಬೆಂಗಳೂರು ನಿಲ್ದಾಣದವರೆಗಿನ ರಸ್ತೆ ಇಡೀ ಪ್ರಯಾಣದ ದೂರದಲ್ಲಿ ನೂರಕ್ಕೆ ಎರಡರಷ್ಟೂ ಬಂದೀತೋ ಇಲ್ಲವೋ. ಸಮಯದಲ್ಲಿ ಮಾತ್ರ ಸುಮಾರು ಕಾಲು ಭಾಗ ನುಂಗುತ್ತದೆ. ರಸ್ತೆಗೆ ಆರೇಳು ಗಂಟೆ, ಅಲ್ಲಿ ಮೂರು ಗಂಟೆ ಮೊದಲೇ ಇರಬೇಕು.

ನಿಲ್ದಾಣ ಇರುವುದು ಊರಾಚೆ ಉತ್ತರಕ್ಕೆ, ದೇವನಹಳ್ಳಿ ಹತ್ತಿರ. ಕಾರಿನಲ್ಲಿ ಹೋಗುವವರು ಬೆಂಗಳೂರಿನ ಒಳಗೆ ಹೊಕ್ಕು ಒದ್ದಾಡುವುದು ಬೇಡ. ಹಿರಿಯೂರು, ತುಮಕೂರು ಮೇಲೆ ಬಂದರೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಇಲ್ಲಾ ಉರವಕೊಂಡ, ಅನಂತಪುರದ ಕಡೆಯಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಸೀದಾ ದೇವನಹಳ್ಳಿಗೇ ಬರುತ್ತೀರಿ. ನನ್ನ ಮತ ಎರಡನೆಯದಕ್ಕೆ. ತೋರಣಗಲ್ಲಿನಿಂದ ವಿಮಾನ ಇರುವ ದಿನ ಅದನ್ನೇ ಹಿಡಿಯಬಹುದು. ಆದರೆ ಆ ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಅದೇ ದಿನದ ದೊಡ್ಡ ವಿಮಾನಕ್ಕೆ ಬೇರೆ ಟಿಕೆಟ್ ಮಾಡಿ ಜೋಡಿಸಬೇಡಿ. ಮೊದಲನೆಯದು ತಪ್ಪಿದರೆ ಎರಡನೆಯದರ ದುಡ್ಡು ಯಾರೂ ಕೊಡುವುದಿಲ್ಲ. ರಾಯಚೂರಿನವರು ಸುಮಾರು 200 ಕಿ.ಮೀ. ಆಚೆಯ ಶಂಷಾಬಾದ್‌ಗೆ, ಅಂದರೆ ಹೈದರಾಬಾದ್ ನಿಲ್ದಾಣಕ್ಕೆ ಹೋಗುವುದೇ ಸರಿ. ಕೊಪ್ಪಳದವರಿಗೆ ಹುಬ್ಬಳ್ಳಿ ಹತ್ತಿರ, ಆದರೆ ಅಲ್ಲಿಂದ ಇನ್ನೊಂದು ದೊಡ್ಡ ಊರಿನಲ್ಲಿ ವಿಮಾನ ಬದಲಿಸಲೇಬೇಕು.

ಸಿರುಗುಪ್ಪದ ಅಮ್ಮನಿಗೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮನೆ ಬಿಡುವುದು, ಬೆಂಗಳೂರು, ವಿಮಾನ, ಅಲ್ಲಿನ ಸಮಯ, ಪಕ್ಕದಲ್ಲೇ ಇಲ್ಲಿನ ಸಮಯ. ಬಿ.ಪಿ. ಮಾತ್ರೆ ಯಾವ ಗಡಿಯಾರಕ್ಕೆ ತಗೋಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ ಅಂತಲೂ ಬರೆದೆ. ವಾಪಸ್ ಬರುವ ಸಾಲಿಗೆ ಬಂದಾಗ ಅವರು ನಿಲ್ಲಿಸಿದರು. ಶನಿವಾರ ರಾತ್ರಿ 9ಕ್ಕೆ ಅಲ್ಲಿ ಬಿಟ್ಟರೆ ಹದಿನೇಳೂವರೆ ಗಂಟೆ ಹಾರಾಟ, ಗಡಿಯಾರದ ಹದಿಮೂರೂವರೆ ಗಂಟೆ. ಬೆಂಗಳೂರು ಮುಟ್ಟುವುದು ಸೋಮವಾರ ಬೆಳಗಿನ ಜಾವ 4ಕ್ಕೆ.

"ನಡುವ ಐತ್ವಾರ ಎಲ್ಲಿ ಹೋತೋ ತಮ್ಮಾ?"

"ಅದು ವಿಮಾನದಾಗ ಹೋತು ಅಮ್ಮಾ."

"ಹಂಗಾರ ಐತ್ವಾರದ್ ಊಟಾನೂ ಅವರೇ ಹಾಕ್ತಾರೇನು?"

"ಹಾಕ್ತಾರ. ಟಿಕೆಟ್ ಮಾಡುವಾಗಲೇ ಸಸ್ಯಾಹಾರ ಅಂತ ಹೇಳಬೇಕು, ವಿಮಾನ ಹತ್ತಿದ ಮೇಲೆ ಕೇಳಿದರೆ ಸಿಗದೇ ಹೋಗಬಹುದು" ಅಂದೆ. ಹಾಳೆಯ ಕೆಳಗೆ ಅದನ್ನೂ ಬರೆಸಿಕೊಂಡು ಹೋದರು.